ಬರಿಗೈ ವಿದ್ಯೆಯ ಮೊದಲ ಪಾಠಗಳು

‘ತಾಲೀಮು’ ಎಂಬುದು ಅರಬ್ಬೀ ಮೂಲದ ಮಾತು. ಕಲಿಸುವುದು, ಶಿಕ್ಷಣ ಎಂಬುದು ಅದರ ಮೂಲಾರ್ಥ. ನಮ್ಮ ಭೀಮಾತೀರಕ್ಕೆ ಬಂದಮೇಲೆ ಅದು ಕುಸ್ತಿಯ ಮನೆಯ ಹೆಸರಾಗಿ ನೆಲೆನಿಂತಿತು. ಮೈಸೂರು ಸೀಮೆಯವರು ಗರಡಿಯೆನ್ನುವುದನ್ನು ಆಳಂದ, ಅಫಜಲಪುರ, ಜೇವರ್ಗಿಗಳ ಜನ ಇಂದಿಗೂ ತಾಲೀಮು ಎಂದೇ ಕರೆಯುತ್ತಾರೆ. ಶಿಕ್ಷಣವೆಂಬ ಮಾತನ್ನು ಪುಸ್ತಕಕ್ಕೆ ಮಾತ್ರ ಮೀಸಲಿಡದೆ ಮೈಗೂ ಸಲ್ಲಿಸಿದ ಹಿಂದಿನವರ ವಿವೇಕ ಮೆಚ್ಚತಕ್ಕದ್ದು.

ಕರಾಟೆ, ಜೂಡೊ ಮೊದಲಾದುವನ್ನು ಕಲಿಸುವ ಮನೆಗೆ ಜಪಾನೀಯರು ‘ದೋಜೊ’ ಎನ್ನುತ್ತಾರೆ. ಮಾರ್ಗದ ಸ್ಥಳ ಎಂದು ಅದರ ಅಕ್ಷರಾರ್ಥ. ಆದರೆ ಆ ಪದದ ಹಿಂದೆ ಇನ್ನೊಂದು ಪದವಿದೆ. ಬುದ್ಧನು ಅರಿವಿಗಾಗಿ ಕುಳಿತ ನೆಲಕ್ಕೆ ಸಂಸ್ಕೃತದಲ್ಲಿ ‘ಬೋಧಿಮಂಡ’ವೆಂದು ಹೆಸರು, ಚೀನೀ ಬೌದ್ಧರು ಅದನ್ನು ತಮ್ಮ ಭಾಷೆಗೆ ತಂದಾಗ ಬಳಸಿದ ಜೋಡಿ ಅಕ್ಷರಗಳೇ ಜಪಾನಿನಲ್ಲಿ ದೋಜೊ ಆದುವು. ಜೇವರ್ಗಿಯ ಮಗ್ಗುಲಿನ ಭೀಮೆಯ ಹರಿವನ್ನು ಹಿಡಿದು ಕೆಳಗೆ ಸಾಗಿದರೆ ಸನ್ನತಿ, ಕನಗನಹಳ್ಳಿಗಳು ಸಿಗುತ್ತವೆ. 1990ರ ದಶಕದಲ್ಲಿ ಅಲ್ಲಿಯ ಸ್ತೂಪವನ್ನು ಅಗೆದಾಗ ಅಶೋಕನ ಹೆಸರನ್ನು ಕೊರೆದ ಶಿಲ್ಪ ಹೊರಬಂದುದನ್ನು ವಾಚಕರು ಬಲ್ಲರು. ಅಂಥ ನೆಲದವರಿಗೆ ದೋಜೊ ಎಂಬುದು ಪೂರ್ತಿ ಪರಕೀಯವೆನ್ನಿಸಬೇಕಾಗಿಲ್ಲ.

ಇಷ್ಟು ಪೀಠಿಕೆಗೆ ಕಾರಣವುಂಟು. ಕನ್ನಡ ಪಾಠ ಹೇಳುವ ನಾನು, ನಲವತ್ತಮೂರನೆಯ ವಯಸ್ಸಿನಲ್ಲಿ, ಒಂಬತ್ತನೆಯ ತರಗತಿಯ ಮಗಳೊಡನೆ ಅಫಜಲಪುರದ ಒಂದು ಕರಾಟೆ ವರ್ಗಕ್ಕೆ ಸೇರಿದೆ. ಹುಟ್ಟಿದ್ದು ಆಳಂದ, ಮೊದಲು ಕೆಲಸಕ್ಕೆ ನಿಂತದ್ದು ಜೇವರ್ಗಿ, ಈಗ ಇರುವುದು ಅಫಜಲಪುರ. ಮೂರೂ ಊರುಗಳಲ್ಲಿ ನನ್ನ ವಿದ್ಯಾರ್ಥಿನಿಯರೂ ಅವರ ತಾಯಿತಂದೆಯರೂ ಇದ್ದಾರೆ. ಸುದ್ದಿ ಹರಡಿದಮೇಲೆ ಅವರೆಲ್ಲರೂ ಕೇಳುತ್ತಿರುವ ಪ್ರಶ್ನೆ ಒಂದೇ: ಅಲ್ಲಿ ಏನು ಮಾಡಿಸುತ್ತಾರೆ? ಮಗಳನ್ನು ಕಳಿಸಬಹುದೇ?

ತಾಲೀಮನ್ನು ನಾನು ಬಲ್ಲದ್ದು ಹೊಸ್ತಿಲ ಹೊರಗಿನಿಂದ. ಅಣ್ಣ ಆಳಂದದ ಒಂದು ತಾಲೀಮಿಗೆ ಹೋಗುತ್ತಿದ್ದ; ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಲ್ಲುವುದು ನನ್ನ ಪಾಲಿನ ಕೆಲಸ. ಒಳಗೆ ಎಣ್ಣೆ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಕಣ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಜೋಡಿಗಳು. ಉಸ್ತಾದರು ಮುಸಲ್ಮಾನರು, ಪಟ್ಟುಗಳನ್ನು ಕಲಿಯುವವರು ಎಲ್ಲ ಓಣಿಗಳ ಹುಡುಗರು. ಹೊಸಬನಿಗೆ ವಾರಗಟ್ಟಲೆ ಜೋಡಿ ಸಿಕ್ಕುತ್ತಿರಲಿಲ್ಲ. ಮಣ್ಣು ಸಡಿಲಿಸು, ನೀರು ಚಿಮುಕಿಸು, ಬಸ್ಕಿ ಹೊಡೆ, ಹಿರಿಯರು ಹಿಡಿಯುವುದನ್ನು ನೋಡುತ್ತ ನಿಲ್ಲು. ಅವನ ವಿದ್ಯಾಭ್ಯಾಸ ಅಷ್ಟೇ. ನಮ್ಮ ನೆರೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸು. 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿ ಮಲ್ಲರ ವರ್ಗಗಳು, ಅವರ ಆಹಾರ, ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಧನೆ ಎಲ್ಲವೂ ಬರುತ್ತವೆ, ಆ ಸಾಧನೆಗಳಿಗೆ ಅರಸನಿಟ್ಟ ಹೆಸರು ‘ಶ್ರಮ’. ಎಂಟುನೂರು ವರ್ಷಗಳಾದರೂ ಆಳಂದದ ತಾಲೀಮಿನಲ್ಲಿ ಹೊಸಬನಿಗೆ ಮೊದಲು ದಕ್ಕುತ್ತಿದ್ದುದು ಅದೇ ಶ್ರಮ. ಹೆಣ್ಣುಮಕ್ಕಳಿಗೆ ಮಾತ್ರ ಆ ಹೊಸ್ತಿಲು ದಾಟುವ ವಾಡಿಕೆ ಇರಲಿಲ್ಲ. ಈಗ ಹಳಿಯಾಳದ ಕಡೆ ಹುಡುಗಿಯರು ಕುಸ್ತಿಗೆ ಇಳಿದಿದ್ದಾರೆ. 2016ರ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದರು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಹೆಣ್ಣುಮಗುವಿಗೆ ಮೈಯ ವಿದ್ಯೆಯ ಬಾಗಿಲನ್ನು ಮೊದಲು ತೆರೆದದ್ದು ನಾನು ಕಂಡಂತೆ ಈ ಪರದೇಶದ ಕರಾಟೆ. ಜೂಡೊಗೆ ಗಾದಿಗಳ ಹಾಸು ಬೇಕು. ಕರಾಟೆಗೆ ಒಂದು ಸಮನೆಲ ಸಾಕು. ನಮ್ಮ ವರ್ಗ ನಡೆಯುವುದು ಒಂದು ಕಲ್ಯಾಣಮಂಟಪದ ಶಹಾಬಾದ ಫರಸಿಯ ಮೇಲೆ.

ಮೊದಲ ದಿನ ಏನಾಗುತ್ತದೆ? ಹೊಡೆತ, ಒದೆತ, ಹಂಚು ಒಡೆಯುವುದು ಇವನ್ನು ಬಯಸಿ ಬಂದವರಿಗೆ ನಿರಾಸೆಯಾಗುತ್ತದೆ. ಶಂಕರನಾಗರನ್ನು ‘ಕರಾಟೆ ಕಿಂಗ್’ ಎಂದು ಕರೆದ ನಾಡು ನಮ್ಮದು. ತೆರೆಯ ಮೇಲಿನ ಕರಾಟೆಯೇ ಕರಾಟೆಯೆಂದು ತಿಳಿದು ಬಂದ ಹುಡುಗರು ಮೂರನೆಯ ದಿನಕ್ಕೆ ಕಾಣೆಯಾಗುವುದು ಸಹಜ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ಬಾಗಿ ಒಳಗೆ ಬರಬೇಕು. ಹಿರಿಯ ವಿದ್ಯಾರ್ಥಿಗಳು ಒಂದು ತುದಿಗೆ, ಹೊಸಬರು ಇನ್ನೊಂದು ತುದಿಗೆ ಸಾಲಾಗಿ ನಿಂತು, ಬಳಿಕ ಮೊಣಕಾಲೂರಿ ಹಿಮ್ಮಡಿಯ ಮೇಲೆ ಕುಳಿತುಕೊಳ್ಳಬೇಕು. ಇದು ವಜ್ರಾಸನವೇ, ನೆಲದ ಮೇಲೆ ಕುಳಿತು ಉಣ್ಣುವ ಮನೆಗಳಿಂದ ಬಂದ ನಮ್ಮ ಹುಡುಗಿಯರಿಗೆ ಸುಲಭ, ಕುರ್ಚಿಗೆ ಒಗ್ಗಿದ ನನಗೆ ಕಷ್ಟ. ಕ್ಷಣಕಾಲ ಕಣ್ಣು ಮುಚ್ಚಿ ಮೌನ, ಆಮೇಲೆ ವಂದನೆ. ಕೆಲವು ತಂದೆಯರು ಈ ವಂದನೆಯನ್ನು ಕಂಡು, ಇದು ಯಾವ ದೇವರಿಗೆ ಎಂದು ಸಂಶಯಪಟ್ಟರು. ತಾಲೀಮಿನಲ್ಲಿ ಕಣದ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚುವಂತೆ, ಉಸ್ತಾದರಿಗೆ ಸಲಾಮು ಮಾಡುವಂತೆ, ಇದು ಸ್ಥಳಕ್ಕೂ ಕಲಿಸುವವರಿಗೂ ಎದುರು ನಿಂತವರಿಗೂ ಸಲ್ಲುವ ಮರ್ಯಾದೆ. ಯಾರ ಮತಕ್ಕೂ ಇದರಿಂದ ಊನವಿಲ್ಲ.

ಕಲಿಸುವವರನ್ನು ‘ಸೆನ್ಸೇಯಿ’ ಎನ್ನುತ್ತಾರೆ. ಮೊದಲು ಹುಟ್ಟಿದವರು ಎಂದು ಆ ಮಾತಿನ ಅಕ್ಷರಾರ್ಥ. ನಮ್ಮ ಸೆನ್ಸೇಯಿಗೆ ಇಪ್ಪತ್ತೆಂಟು ವರ್ಷ. ನನ್ನನ್ನು ಹಿಂದಿನ ಸಾಲಿನಲ್ಲಿ, ಹತ್ತು ವರ್ಷದ ಒಬ್ಬ ಪೋರನ ಎಡಕ್ಕೆ ನಿಲ್ಲಿಸಿದರು. ಆ ಪೋರ ನನಗಿಂತ ಎರಡು ತಿಂಗಳು ಹಿರಿಯ.

ಎಣಿಕೆಯೆಲ್ಲ ಜಪಾನೀ ಭಾಷೆಯಲ್ಲಿ: ಇಚಿ, ನಿ, ಸಾನ್, ಶಿ, ಗೊ, ರೊಕು, ಶಿಚಿ, ಹಚಿ, ಕು, ಜು. ಕನ್ನಡದಲ್ಲಿಯೇ ಎಣಿಸಿದರೆ ಏನು ಕೆಟ್ಟೀತು ಎಂದು ಕನ್ನಡದ ಉಪನ್ಯಾಸಕಿಯಾಗಿ ನಾನು ಕೇಳಿಯೂ ಕೇಳಿದೆ. ಬೇರೆ ಬೇರೆ ದೇಶದವರು ಸೇರಿ ಅಭ್ಯಾಸ ಮಾಡುವಾಗ ಎಲ್ಲರಿಗೂ ಒಂದೇ ಮಾತು ಇರಲೆಂದು ಈ ಕ್ರಮವಂತೆ. ಸಂಗೀತದ ಸರಿಗಮದಂತೆ ಎಂದು ನಾನು ಒಪ್ಪಿಕೊಂಡೆ. ಜಪಾನೀಯರ ಅಕ್ಷರಮಾಲೆಯ ಕ್ರಮವನ್ನು ನೋಡಿದರೆ ಒಪ್ಪಿಗೆ ಇನ್ನೂ ಸಲೀಸು: ಅ, ಇ, ಉ, ಎ, ಒ ಎಂದು ಸ್ವರಗಳು ಮೊದಲು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧರ ಜೊತೆಗೆ ಹೋದ ಸಂಸ್ಕೃತ ವರ್ಣಮಾಲೆಯ ಜಾಡು ಅದರಲ್ಲಿ ಸ್ಪಷ್ಟ. ಹಾಗೆಂದು, ಕರಾಟೆಯನ್ನೇ ಕಂಚಿಯ ಬೋಧಿಧರ್ಮ ಒಯ್ದನೆಂದು ಹಲವು ವರ್ಗಗಳಲ್ಲಿ ಹೇಳುವ ಕಥೆಯನ್ನು ನಾನು ಒಪ್ಪಲಾರೆ. ಬೋಧಿಧರ್ಮನು 5-6ನೆಯ ಶತಮಾನದವನೆಂದು ಪ್ರತೀತಿ. ಅವನಿಗೆ ವ್ಯಾಯಾಮದ ವಿದ್ಯೆಯನ್ನು ಕಟ್ಟುವ ಚೀನೀ ಗ್ರಂಥವಾದರೋ 17ನೆಯ ಶತಮಾನದ್ದು. ಹೆಮ್ಮೆಗೆ ನಿಜವಾದ ಕಾರಣಗಳು ಬೇಕಾದಷ್ಟಿರುವಾಗ ಸಾಲದ ಹೆಮ್ಮೆ ನಮಗೇಕೆ?

ಕರಾಟೆಯ ನಿಜವಾದ ಹುಟ್ಟೂರು ಓಕಿನಾವ ದ್ವೀಪ. ಅದು ರ‍್ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಾಗಿದ್ದು, 1879ರಲ್ಲಿ ಜಪಾನಿಗೆ ಸೇರಿತು. ಅಲ್ಲಿಯ ಕೈವಿದ್ಯೆಗೆ ಚೀನದ ಪಾಠವೂ ಕೂಡಿತ್ತು. ನನ್ನ ಗಮನವನ್ನು ಹಿಡಿದ ಸಂಗತಿ ಬೇರೆ: ಇದನ್ನು ಗುಟ್ಟಿನಿಂದ ಹೊರಗೆ ತಂದವರು ಶಾಲೆಯೊಂದಿಗೆ ನಂಟುಳ್ಳವರು. ಇತೊಸು ಆಂಕೊ ಅವರು 1901ರ ಸುಮಾರಿಗೆ ಓಕಿನಾವದ ಶಾಲೆಗಳಲ್ಲಿ ಇದನ್ನು ಆರಂಭಿಸಿದರು. ಮಕ್ಕಳಿಗೆ ಕಲಿಸಲು ತಕ್ಕಂತೆ ಐದು ‘ಕಾತಾ’ಗಳನ್ನು ಹೊಂದಿಸಿಕೊಟ್ಟರು. ಅವರ ಶಿಷ್ಯರಾದ ಫುನಾಕೊಶಿ ಗಿಚಿನ್ (1868–1957) ಹೊಟ್ಟೆಪಾಡಿಗೆ ಶಾಲಾಮಾಸ್ತರರು. 1922ರಲ್ಲಿ ಟೋಕಿಯೊಗೆ ಹೋಗಿ ಈ ವಿದ್ಯೆಯನ್ನು ಪ್ರದರ್ಶಿಸಿ ಅಲ್ಲಿಯೇ ನೆಲೆಸಿದರು. ಅವರು ಕವಿಯೂ ಹೌದು. ‘ಶೋತೊ’ ಎಂಬುದು ಅವರ ಕಾವ್ಯನಾಮ. ಪೈನ್ ಮರಗಳಲ್ಲಿ ಗಾಳಿಯಾಡಿದಾಗ ಏಳುವ ಅಲೆ ಎಂದು ಅದರ ಅರ್ಥ. ಶೋತೊವಿನ ಮನೆಯೇ ‘ಶೋತೊಕಾನ್’. ನಮ್ಮ ಊರುಗಳ ಹುಡುಗರು ಎದೆಯ ಮೇಲೆ ಹುಲಿಯ ಚಿತ್ರದೊಂದಿಗೆ ಧರಿಸಿ ತಿರುಗುವ ಆ ಹೆಸರು ಒಬ್ಬ ಕವಿಯ ಅಂಕಿತವೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು! ಅಂಬಿಕಾತನಯದತ್ತರನ್ನು ಪಾಠ ಹೇಳುವ ದಿನ ನಾನು ಇದನ್ನು ತರಗತಿಯಲ್ಲಿ ಹೇಳಿದೆ. ಆ ದಿನ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳಿದರು.

‘ಕರಾ’ ಎಂಬುದನ್ನು ಮೊದಲು ಚೀನವನ್ನು ಸೂಚಿಸುವ ಅಕ್ಷರದಿಂದ ಬರೆಯುತ್ತಿದ್ದರು. 1930ರ ದಶಕದಲ್ಲಿ ಅದೇ ಉಚ್ಚಾರದ ಇನ್ನೊಂದು ಅಕ್ಷರ ಬಂತು. ಅದರ ಅರ್ಥ ಬರಿದು, ಬಯಲು. ಬೌದ್ಧರ ಶೂನ್ಯವನ್ನು ಬರೆಯುವುದೂ ಅದೇ ಅಕ್ಷರದಿಂದ. ಅಲ್ಲಮನ ಬಯಲಿಗೂ ಇದಕ್ಕೂ ಗಂಟು ಹಾಕುವ ಆಸೆ ಯಾರಿಗಾದರೂ ಆದೀತು. ನನಗೂ ಆಯಿತು, ತಡೆದುಕೊಂಡೆ. ಬರಿಗೈ ಎಂದರೆ ಸದ್ಯಕ್ಕೆ ಸಾಕು.

ಮೊದಲ ತಿಂಗಳೆಲ್ಲ ನಿಲ್ಲುವುದನ್ನು ಕಲಿಯಬೇಕು. ಮುಂಗಾಲನ್ನು ಬಗ್ಗಿಸಿ ಹಿಂಗಾಲನ್ನು ನೀಡಿ ನಿಲ್ಲುವುದೊಂದು ನಿಲುವು. ಕುದುರೆಯೇರಿದವರಂತೆ ಎರಡೂ ಮೊಣಕಾಲು ಬಗ್ಗಿಸಿ ನಿಲ್ಲುವುದು ಇನ್ನೊಂದು. ಈ ಎರಡನೆಯದನ್ನು ಎರಡು ನಿಮಿಷ ಹಿಡಿದರೆ ತೊಡೆಗಳು ನಡುಗುತ್ತವೆ. ಮುಷ್ಟಿ ಕಟ್ಟುವುದಕ್ಕೂ ಪಾಠವಿದೆ: ಹೆಬ್ಬೆರಳು ಒಳಗೆ ಸಿಕ್ಕಿಕೊಂಡರೆ ಹೊಡೆದವರ ಬೆರಳೇ ಮುರಿಯುತ್ತದೆ. ಒಂದು ಕೈ ಮುಂದೆ ಹೋಗುವಾಗ ಇನ್ನೊಂದು ಕೈ ಸೊಂಟಕ್ಕೆ ಬರಬೇಕು. ಬಲ ತೋಳಿನದಲ್ಲ, ನಡುವಿನದು. ಬೀಸುಕಲ್ಲು ತಿರುವಿದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಎಂದು ನಮ್ಮ ಅತ್ತೆಯವರನ್ನು ನೋಡುವಾಗ ನನಗೆ ಅನ್ನಿಸುತ್ತದೆ. ಈ ಬಿಡಿ ಚಲನೆಗಳ ಅಭ್ಯಾಸಕ್ಕೆ ‘ಕಿಹೋನ್’ ಎಂದು ಹೆಸರು. ಅವನ್ನು ಕಟ್ಟಿನೊಳಗೆ ಕೂಡಿಸಿ, ಕಾಣದ ಎದುರಾಳಿಯೊಡನೆ ಆಡುವ ಕ್ರಮವೇ ‘ಕಾತಾ’. ಜೋಡಿಯಾಗಿ ಎದುರುಬದುರು ನಿಲ್ಲುವ ‘ಕುಮಿತೆ’ ಬರುವುದು ಆಮೇಲೆ; ಬಂದಾಗಲೂ ಎಣಿಕೆಗೆ ಒಂದು ಹೊಡೆತ, ಒಂದು ತಡೆ, ಮುಷ್ಟಿ ಮೈಗೆ ತಾಗುವ ಮುನ್ನ ನಿಲ್ಲಬೇಕು. ಛಂದಸ್ಸನ್ನು ಕಲಿಯುವವನು ಮೊದಲು ಗಣ ಬಿಡಿಸುತ್ತಾನೆ, ಷಟ್ಪದಿ ಬರೆಯುವುದು ಎಷ್ಟೋ ದಿನಗಳಾಚೆಗೆ, ಇದೂ ಹಾಗೆಯೇ. ಬೇಸರವಾಗುವುದಂತೂ ನಿಜ. ಒಂದೇ ಚಲನೆಯನ್ನು ನೂರು ಸಲ ಮಾಡಿ ಬೇಸರವಾಗಲಿಲ್ಲ ಎಂದವರನ್ನು ನಾನು ನಂಬುವುದಿಲ್ಲ.

ನಿಲುವಿಗಿಂತಲೂ ಮುಷ್ಟಿಗಿಂತಲೂ ಕಠಿಣವಾದ ಪಾಠ ಒಂದುಂಟು, ಅದು ಕೂಗು. ಹೊಡೆತದ ಕೊನೆಯಲ್ಲಿ ಹೊಟ್ಟೆಯೊಳಗಿನ ಉಸಿರನ್ನೆಲ್ಲ ಒಟ್ಟುಮಾಡಿ ಒಮ್ಮೆಲೆ ಹೊರಗೆ ಬಿಡಬೇಕು. ‘ಕಿಯಾಯ್’ ಎಂದು ಅದಕ್ಕೆ ಹೆಸರು. ಹುಡುಗರು ಮೊದಲ ದಿನವೇ ಮಂಟಪ ಹಾರಿಹೋಗುವಂತೆ ಕೂಗಿದರು. ಹುಡುಗಿಯರ ಸಾಲಿನಿಂದ ಬಂದದ್ದು ಪಿಸುಮಾತು. ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನ್ನ ಕಾಲೇಜಿನವಳೇ ಒಬ್ಬಳು, ಹಾಜರಿ ಕರೆದಾಗ ಅವಳ ದನಿಯನ್ನು ನಾನು ಎರಡು ವರ್ಷಗಳಲ್ಲಿ ಸರಿಯಾಗಿ ಕೇಳಿದವಳಲ್ಲ, ಬಾಯಿ ತೆರೆದಳು, ದನಿ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಸೆನ್ಸೇಯಿ ಏನೂ ಅನ್ನದೆ ಮುಂದಿನ ಎಣಿಕೆಗೆ ಹೋದರು. ಅದು ಸರಿಯಾದ ರೀತಿಯೆಂದು ಮೂವತ್ತೊಂದನೆಯ ದಿನ ಗೊತ್ತಾಯಿತು. ಆ ಸಂಜೆ ಅವಳು ಕೂಗಿದ ಕೂಗಿಗೆ ಹೊರಗೆ ಚಹಾದ ಗಾಡಿಯವನು ಒಳಗೆ ಇಣುಕಿ ನೋಡಿದ. ನನ್ನ ಮಗಳು ಮನೆಯಲ್ಲಿ ಅಭ್ಯಾಸ ಮಾಡಿದಾಗ ಅತ್ತೆಯವರು, “ಅದ್ಯಾಕ ಹಂಗ ಒದರತಾದ ಹುಡುಗಿ? ಮಂದಿ ಏನಂದಾರು?” ಎಂದರು. ಮಂದಿ ಕೇಳಲೆಂದೇ ಒದರುವುದು ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.

ಆತ್ಮರಕ್ಷಣೆಯ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಗೆ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಓಬವ್ವನ ಹೆಸರಿನಿಂದಲೂ ಇಂಥ ತರಬೇತಿಗಳು ನಡೆದಿವೆ. ಹೆಸರುಗಳು ಭವ್ಯವಾಗಿವೆ. ಆದರೆ ಮೂರು ತಿಂಗಳಲ್ಲಿ ಯಾರೂ ಓಬವ್ವನಾಗುವುದಿಲ್ಲ. ಮೂರು ತಿಂಗಳಿಗೆ ದಕ್ಕುವುದು ಇಷ್ಟು: ನೆಟ್ಟಗೆ ನಿಲ್ಲುವುದು, ಕೈ ಹಿಡಿದವನ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಬಿಡಿಸಿಕೊಳ್ಳುವುದು, ಕೂಗುವುದು, ಓಡುವುದು. ನಮ್ಮ ಸೆನ್ಸೇಯಿ ಓಡುವುದನ್ನೇ ಮೊದಲು ಹೇಳುತ್ತಾರೆ. ಮೊದಲ ಏಟು ತನ್ನದಾಗಬಾರದು ಎಂಬುದು ಫುನಾಕೊಶಿಯವರ ನಿಯಮಗಳಲ್ಲಿ ಒಂದು. ನಾಲ್ವರನ್ನು ಒಬ್ಬಳೇ ಕೆಡಹುವುದನ್ನು ಕಲಿಸುತ್ತೇನೆಂದು ಯಾರಾದರೂ ಹೇಳಿದರೆ, ಅಂಥವರ ಬಳಿ ಮಗಳನ್ನು ಕಳಿಸದಿರುವುದು ಕ್ಷೇಮ.

ಬೆಲ್ಟಿನ ವಿಷಯದಲ್ಲಿಯೂ ಎಚ್ಚರ ಬೇಕು. ಮಟ್ಟಗಳನ್ನು ಗೊತ್ತುಮಾಡುವ ಈ ಪದ್ಧತಿ ಜೂಡೊ ಕಟ್ಟಿದ ಕಾನೊ ಜಿಗೊರೊ ಅವರದು. ಅವರೂ ಮಾಸ್ತರರೇ, ಅಧ್ಯಾಪಕರ ಕಾಲೇಜಿಗೆ ಮುಖ್ಯಸ್ಥರಾಗಿದ್ದವರು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಕೊಡೊಕಾನ್ ಆರಂಭಿಸಿದರು. ಕರಾಟೆಯವರು ಆ ಮಟ್ಟಗಳ ಕ್ರಮವನ್ನು ಅವರಿಂದ ತೆಗೆದುಕೊಂಡರು. ಬಿಳಿ ಮತ್ತು ಕಪ್ಪಿನ ನಡುವಿನ ಬಣ್ಣಗಳು ಹೆಚ್ಚಾಗಿ ಯುರೋಪಿನಲ್ಲಿ ಬೆಳೆದುವು. ಕಪ್ಪು ಬೆಲ್ಟಿನ ಮೊದಲ ಮಟ್ಟಕ್ಕೆ ‘ಶೋದಾನ್’ ಎನ್ನುತ್ತಾರೆ. ಆರಂಭದ ಮೆಟ್ಟಿಲು ಎಂದರ್ಥ. ವಾರಕ್ಕೆ ಎರಡು ಮೂರು ದಿನ ತಪ್ಪದೆ ಹೋದವರಿಗೆ ಅಲ್ಲಿಗೆ ಮುಟ್ಟಲು ಮೂರರಿಂದ ಐದು ವರ್ಷ ಹಿಡಿಯುವುದು ರೂಢಿ. ನಮ್ಮ ಸೀಮೆಯಲ್ಲಿಯೇ ಒಂದು ವರ್ಗದಲ್ಲಿ, ಹೆಸರು ಬೇಡ, ಪ್ರತಿ ಎರಡು ತಿಂಗಳಿಗೆ ಪರೀಕ್ಷೆ, ಪ್ರತಿ ಪರೀಕ್ಷೆಗೆ ಶುಲ್ಕ, ಯಾರೂ ಅನುತ್ತೀರ್ಣರಾಗುವುದಿಲ್ಲ. ಕೂಲಿ ಮಾಡುವ ತಾಯಿಯೊಬ್ಬಳು ಮಗನ ಹಸಿರು ಬೆಲ್ಟಿಗೆ ಕೈಸಾಲ ಮಾಡಿದ್ದನ್ನು ನಾನು ಬಲ್ಲೆ. ಸೇರುವ ಮುನ್ನ ಒಂದು ಸಂಜೆ ಗೋಡೆಗೊರಗಿ ಕುಳಿತು ನೋಡಿ. ಕಲಿಸುವವರು ಯಾರಲ್ಲಿ ಕಲಿತರು, ಪರೀಕ್ಷೆಗೆ ವರ್ಷಕ್ಕೆ ಎಷ್ಟು ಖರ್ಚು, ಚಿಕ್ಕವರನ್ನು ದೊಡ್ಡವರ ಮುಂದೆ ನಿಲ್ಲಿಸುತ್ತಾರೆಯೇ, ಹುಡುಗಿಯರ ಕೈಕಾಲು ತಿದ್ದುವಾಗ ಹೇಗೆ ನಡೆದುಕೊಳ್ಳುತ್ತಾರೆ, ಇಷ್ಟನ್ನು ಗಮನಿಸಿ. ಪಾಲಕರು ಒಳಗೆ ಕುಳಿತು ನೋಡಕೂಡದು ಎಂದರೆ ಅಲ್ಲಿಂದಲೇ ಹಿಂತಿರುಗಿ. ಬಿಳಿಯ ಉಡುಪನ್ನು ಮೊದಲ ತಿಂಗಳು ಕೊಳ್ಳಬೇಕಾಗಿಲ್ಲ. ಸಡಿಲವಾದ ಚೂಡಿದಾರ ಸಾಕು. ವಿಶೇಷ ಆಹಾರವೂ ಬೇಡ. ನಮ್ಮ ಜೋಳದ ರೊಟ್ಟಿ, ತೊಗರಿಬೇಳೆಗಳು ಯಾವ ಡಬ್ಬಿಯ ಪುಡಿಗೂ ಕಡಿಮೆಯಲ್ಲ. ನಲವತ್ತು ದಾಟಿದವರು ಮಂಡಿಯನ್ನೂ ರಕ್ತದೊತ್ತಡವನ್ನೂ ವೈದ್ಯರಿಗೆ ತೋರಿಸಿ ಹೋಗುವುದು ಮೇಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆಯ ಬಿಸಿಲು ನಲವತ್ತು ಡಿಗ್ರಿ ಮೀರುತ್ತದೆ. ಆಗ ಬೆಳಗಿನ ವರ್ಗವೇ ಆಗಬೇಕು.

ಹೆಣ್ಣುಮಕ್ಕಳಿಗೆ ಜಪಾನೀ ವಿದ್ಯೆ ಎಂಬುದು ಹೊಸ ಹುಚ್ಚೆಂದು ತಿಳಿಯುವವರಿಗೆ ಒಂದು ಮಾತು. 1929ರಲ್ಲಿ ರವೀಂದ್ರನಾಥ ಠಾಕೂರರು ತಾಕಾಗಾಕಿ ಎಂಬ ಜೂಡೊ ಗುರುವನ್ನು ಜಪಾನಿನಿಂದ ಶಾಂತಿನಿಕೇತನಕ್ಕೆ ಕರೆತಂದರು. ಅಲ್ಲಿ ಹುಡುಗಿಯರೂ ಕಲಿತರು. ಅವರಲ್ಲಿ ಅಮಿತಾ ಸೇನ್ ಒಬ್ಬರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ. ಜೂಡೊ ಕಲಿತ ಆಕೆ ವೇದಿಕೆಯ ಮೇಲೆ ನರ್ತಿಸಿದರು, ಬರೆದರು, ಪತ್ರಿಕೆಯನ್ನೂ ನಡೆಸಿದರು.

ಕಳೆದ ಆಷಾಢದಲ್ಲಿ ಹಳ್ಳಿಯೊಂದರ ರೈತರು ಕಾಲೇಜಿಗೆ ಬಂದರು. ಮಗಳು ಪದವಿಯ ಮೊದಲ ವರ್ಷ. ಬಸ್ಸಿನಲ್ಲಿ ಯಾರೋ ತೊಂದರೆ ಕೊಟ್ಟ ಸುದ್ದಿ ತಿಳಿದು, ಓದು ಬಿಡಿಸುವ ಮಾತು ಮನೆಯಲ್ಲಿ ನಡೆದಿತ್ತು. “ಕರಾಟೆ ಕಲೀತೀನಿ, ಕಾಲೇಜು ಬಿಡಂಗಿಲ್ಲ ಅಂತಾಳ್ರಿ ಮೇಡಂ. ಇದೆಲ್ಲಾ ಕಲತ್ರ ನಾಳೆ ಗಂಡನ ಮನ್ಯಾಗ ಬಾಳೇವು ಮಾಡ್ತಾಳೇನ್ರಿ?” ಎಂದು ಕೇಳಿದರು.

“ನಾನೂ ಕಲೀಲಕತ್ತೀನ್ರಿ. ನಮ್ಮ ಮನ್ಯಾಗ ಬಾಳೇವು ನಡದೇ ಅದ” ಎಂದೆ.

ಅವರು ನಕ್ಕರು. ಆಮೇಲೆ ತಮ್ಮ ನಿಜವಾದ ತೊಡಕನ್ನು ಹೇಳಿದರು. ವರ್ಗ ಐದೂವರೆಗೆ ಆರಂಭವಾಗಿ ಆರೂವರೆಗೆ ಮುಗಿಯುತ್ತದೆ. ಅವರ ಊರಿನ ಕೊನೆಯ ಬಸ್ಸು ಆರು ಗಂಟೆಗೆ. ಕತ್ತಲಲ್ಲಿ ಮಗಳು ನಿಲ್ದಾಣದಲ್ಲಿ ನಿಲ್ಲುವಂತಾದರೆ ಯಾವ ವಿದ್ಯೆ ಕಲಿತು ಏನು ಫಲ? ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಸಂಜೆ ಅವರು ಬಂದು ಗೋಡೆಗೊರಗಿ ಕುಳಿತು ವರ್ಗವನ್ನು ಪೂರ್ತಿ ನೋಡಿದರು. ಹೋಗುವಾಗ ಸೆನ್ಸೇಯಿಯೊಡನೆ ಬಹಳ ಹೊತ್ತು ಬಸ್ಸಿನ ವೇಳೆಯ ವಿಷಯ ಮಾತಾಡಿದರು. ಶ್ರಾವಣದ ಮೊದಲ ಸೋಮವಾರದಿಂದ ಹುಡುಗಿಯರ ವರ್ಗ ನಾಲ್ಕೂವರೆಗೆ ಆರಂಭವಾಗುತ್ತಿದೆ. ಆ ಊರಿನಿಂದ ಈಗ ಮೂವರು ಬರುತ್ತಾರೆ.